ಕೊಟ್ಟಿಗೆ ಕಿಟಕಿಯ ದೊರೆ

ಬುಟ್ಟಿಯ ಸಂದಿಯಿಂದ ಬಾಲದ ತುದಿ ಹೊರಗೆ ಬಂತು, ಸುಣ್ಣದಲ್ಲಿ ಅದ್ದಿ ತೆಗೆದಂಥ ಬಿಳಿ ತುದಿ, ಪಕ್ಕದ ಸೀಟಿನ ಹೆಂಗಸಿನ ನೆರಿಗೆಗೆ ಇನ್ನೇನು ತಾಗಬೇಕು, ಚಿಕ್ಕವೆಂಕಟಮ್ಮ ಹೆಬ್ಬೆರಳಿನಿಂದ ಅದನ್ನು ಮೆಲ್ಲಗೆ ಒಳಕ್ಕೆ ತಳ್ಳಿದಳು, ಸುಮ್ಕಿರು ದೊರೆ, ಬಸ್ಸು ಒರಡಲಿ — ಬಂಗಾರಪೇಟೆ ಸ್ಟ್ಯಾಂಡಿನಲ್ಲಿ ಬಸ್ಸು ಗುರುಗುಟ್ಟುತ್ತ ನಿಂತಿದೆ, ಹೊರಡುವ ಸುಳಿವಿಲ್ಲ, ಡ್ರೈವರು ಟೀ ಅಂಗಡಿ ಮುಂದೆ, ಕಿಟಕಿಯಿಂದ ಬೇಯಿಸಿದ ಕಡಲೆಕಾಯಿಯ ವಾಸನೆ, ಕೋಳಿ ಬುಟ್ಟಿಯ ಬಿದಿರು ದಾಟಿ ಬೆಕ್ಕಿನ ಬಿಸಿ ಅವಳ ತೊಡೆಗೆ ಹತ್ತುತ್ತಿದೆ, ಆ ಬಿಸಿ ಸಾಕು, ಅದೊಂದಿದ್ದರೆ ಎಲ್ಲ ಇದ್ದಂತೆ. ಬೆಳಗ್ಗೆ ಇದೇ ಬುಟ್ಟಿ ರುಬ್ಬುಗಲ್ಲಿನಷ್ಟು ಭಾರವಿತ್ತು, ಈಗಲೂ ತೂಕ ಅಷ್ಟೇ, ದನದ ಆಸ್ಪತ್ರೆಯ ಡಾಕ್ಟ್ರಮ್ಮ ತೂಗಿಯೇ ಹೇಳಿದ್ದಾಳೆ, ಇರಬೇಕಾದ್ದಕ್ಕಿಂತ ಜಾಸ್ತಿ ಅಂತ, ಆದರೂ ಹಗುರವಾಗಿದೆ, ಹಗುರವಾಗಿದ್ದು ಬುಟ್ಟಿಯಲ್ಲ, ಎದೆ. ಕಂಡಕ್ಟರ್ ಬಂದ, ಆಧಾರ್ ಕಾರ್ಡು ತೋರಿಸಿದಳು, ಸೊನ್ನೆ ಟಿಕೆಟ್ಟು ಹರಿದು ಕೊಟ್ಟು ಬುಟ್ಟಿಯ ಮೇಲೆ ಮುಚ್ಚಿದ್ದ ಹಳೆ ಸೀರೆ ತುಂಡನ್ನು ನೋಡಿದ, ಏನಜ್ಜಿ, ಉಂಜಾನಾ, ಊಂ ಕಣಪ್ಪಾ, ಉಂಜ ಅಂದಳು, ಹುಂಜ ಅದೇ ಗಳಿಗೆಗೆ ಮ್ಯಾಂವ್ ಅಂತು. ಹಿಂದಿನ ಸೀಟಿನವರೆಲ್ಲ ನಕ್ಕರು, ಕಂಡಕ್ಟರನಿಗೆ ಹುರುಪು ಬಂತು, ಎಣ್ಣಾದ್ರೆ ಫ್ರೀ, ಗಂಡಾದ್ರೆ ಟಿಕೆಟ್ ತಗೋಬೇಕು ಕಣಜ್ಜಿ, ಯಾವ್ದು ಏಳು, ಗಂಡೇ ಕಣಪ್ಪಾ, ಆದ್ರೆ ಆಪರೇಶನ್ ಮಾಡವ್ರೆ, ಈಗ ಲೆಕ್ಕಕ್ಕಿಲ್ಲ, ಅಂದಿದ್ದಕ್ಕೆ ಅವನು ಸೀಟಿ ಬಾಯಿಗಿಟ್ಟುಕೊಂಡೇ ನಗುತ್ತ ಮುಂದೆ ಹೋದ. ಪಕ್ಕದವಳು ಮಾತ್ರ ಕಾಲು ಮುದುರಿಕೊಂಡಳು, ಒಳ್ಳೆ ಕೆಲ್ಸಕ್ಕೆ ಒಂಟಿವ್ನಿ, ಬೆಕ್ಕಿನ ಪಕ್ಕ ಕೂತ್ಕಂಡೆ, ಅಂತ ಗೊಣಗಿದಳು. ಅಡ್ಡ ಬಂದ್ರೆ ತಾನೆ ತಾಯಿ ಅಪಶಕುನ, ಇದು ನಮ್ ಜೊತೇಲೇ ಬತ್ತಾ ಐತಲ್ಲ, ಅಂದುಬಿಟ್ಟಳು ಚಿಕ್ಕವೆಂಕಟಮ್ಮ, ಬೇರೆ ದಿನವಾಗಿದ್ದರೆ ಬಾಯಿ ತೆರೆಯುತ್ತಿರಲಿಲ್ಲ, ಇವತ್ತು ಮಾತು ತಾನಾಗಿ ಬರುತ್ತಿದೆ. ಬಸ್ಸು ಹೊರಟಿತು.

ಇನ್ನೂ ಏನೂ ಆಗಿಲ್ಲ ಅಜ್ಜಿ, ಕೀಲು ಚೆನ್ನಾಗಿದಾವೆ — ಹೇಗೆ ಹೇಳಿದಳು ಆ ಹುಡುಗಿ, ಲಿಖಿತ ಅಂತ ಹೆಸರಂತೆ, ದನದ ಆಸ್ಪತ್ರೆಗೆ ಹೊಸದಾಗಿ ಬಂದವಳು, ಕತ್ತಿನಲ್ಲಿ ಒಂದು ಸಣ್ಣ ಸರ, ಕೈಗೆ ಹಸುವಿನ ಸಗಣಿ ಮೆತ್ತಿಕೊಂಡಿದ್ದವಳು ತೊಳೆದುಕೊಂಡು ಬಂದು ಬೆಕ್ಕನ್ನು ಮೇಜಿನ ಮೇಲೆ ಮಲಗಿಸಿದಳು, ಒಂದೊಂದೇ ಕಾಲು ಹಿಡಿದು ಮಡಿಸಿದಳು, ಚಾಚಿದಳು, ಮೆಲ್ಲಗೆ ತಿರುವಿದಳು, ಕಣ್ಣು ಮುಚ್ಚಿಕೊಂಡು, ಅಕ್ಕಿಯಲ್ಲಿ ಕಲ್ಲು ಹುಡುಕುವವಳ ಬೆರಳಿನ ಹಾಗೆ ಅವಳ ಬೆರಳು ಮೊಣಕಾಲಿನಿಂದ ಸೊಂಟಕ್ಕೆ, ಸೊಂಟದಿಂದ ಬೆನ್ನಿಗೆ, ಚಿಕ್ಕವೆಂಕಟಮ್ಮ ಉಸಿರು ಹಿಡಿದು ನಿಂತಿದ್ದಳು, ಹೊರಗೆ ಯಾರದೋ ಎಮ್ಮೆ ಅರಚುತ್ತಿತ್ತು, ಆ ಎಮ್ಮೆ ಅರಚುವುದು ನಿಲ್ಲಿಸಲಿ, ಈ ಹುಡುಗಿಗೆ ಕೀಲಿನ ಸದ್ದು ಕೇಳಿಸಲಿ, ಇಲ್ಲ, ಸದ್ದೇ ಇರದಿರಲಿ. ಇನ್ನೂ ಆಗಿಲ್ಲ ಅಂದಳು. ಇನ್ನೂ ಅಂದ್ರೆ ಮುಂದೆ ಆಯ್ತದಾ ಡಾಕ್ಟ್ರಮ್ಮ. ನೀವು ಇಷ್ಟು ದಪ್ಪ ಮಾಡ್ತಾ ಹೋದ್ರೆ ಆಗುತ್ತೆ, ಈಗಿಂದ ನೋಡ್ಕೊಂಡ್ರೆ ಆಗಲ್ಲ. ಹಾಗೆ ನೇರವಾಗಿ ಬೈಯುವವರನ್ನು ಕಂಡರೆ ಚಿಕ್ಕವೆಂಕಟಮ್ಮನಿಗೆ ಇಷ್ಟ. ಮತ್ತ್ಯಾಕೆ ಎಗರಲ್ಲ ಇವ್ನು, ಅಂತ ಕೇಳಿದ್ದಕ್ಕೆ ಹುಡುಗಿ ಹಿಂಗಾಲಿನ ಪಾದ ಒತ್ತಿ ಉಗುರು ಹೊರಗೆ ಬರಿಸಿ ತೋರಿಸಿದಳು, ಕುಡುಗೋಲಿನ ಹಾಗೆ ಬಾಗಿ ತಿರುಗಿ ಅಂಗಾಲಿನ ಮೆತ್ತೆಗೇ ಚುಚ್ಚಲು ಹೋಗುತ್ತಿತ್ತು, ನೋಡಿ, ನೆಲಕ್ಕೆ ಒತ್ತಿ ಎಗರೋಕೆ ಹೋದ್ರೆ ನೋವು, ಮೇಲೆ ಈ ಹೊಟ್ಟೆ ಬೇರೆ ಎತ್ತಬೇಕಲ್ಲ. ಕಟ್ ಕಟ್ ಅಂತ ಉಗುರು ಕತ್ತರಿಸಿದಳು, ದೊರೆ ಒಮ್ಮೆ ಬುಸ್ಸೆಂದು ಸುಮ್ಮನಾದ. ಥೂ, ನನ್ನ ಕಣ್ಣಿಗೆ ಏನಾಗಿತ್ತು, ಹಸುವಿನ ಗೊರಸು ಬೆಳೆದರೆ ಕುಂಟುತ್ತದೆ ಅಂತ ಊರಿಗೆಲ್ಲ ಬುದ್ಧಿ ಹೇಳುವವಳು, ನಡುಮನೆಯಲ್ಲಿ ಮಲಗುವ ಬೆಕ್ಕಿನ ಉಗುರು ನೋಡಲಿಲ್ಲ, ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದ ಹಾಗಾಯಿತು. ಬಾಲ ಮತ್ತೆ ಹೊರಗೆ ಬಂದಿದೆ, ಇರಲಿ ಬಿಡು, ಈಗ ಎಲ್ಲರಿಗೂ ಗೊತ್ತಾಯಿತಲ್ಲ.

ಈ ಬಾಲವನ್ನು ಅವಳು ಮೊದಲು ಕಂಡದ್ದು ಕೆಜಿಎಫ್‌ನಲ್ಲಿ, ಸೆಲ್ವಿಯ ಲೈನು ಮನೆಯ, ಗಣಿ ಕೂಲಿಗಳಿಗೆ ಸಾಲಾಗಿ ಕಟ್ಟಿದ ಮನೆಯ, ತಗಡಿನ ಮೇಲೆ, ತಲೆಯ ಮೇಲೆ ಸೊಪ್ಪಿನ ಮಂಕರಿ ಹೊತ್ತು ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನಲ್ಲಿ ಅರ್ಧ ಮಾರಿ, ಉಳಿದದ್ದನ್ನು ಚಾಂಪಿಯನ್ ಲೈನುಗಳಲ್ಲಿ ಕೂಗಿಕೊಂಡು ಹೋಗುತ್ತಿದ್ದ ಕಾಲ, ಕೀರೇ, ದಂಟೂ, ಸಬ್ಸಿಗೇ, ತಮಿಳಿನವರಿಗೆ ತಮಿಳಲ್ಲಿ, ತೆಲುಗಿನವರಿಗೆ ತೆಲುಗಲ್ಲಿ, ಸೊಪ್ಪು ಮಾರುವವಳಿಗೆ ಯಾವ ಭಾಷೆ ಬರುವುದಿಲ್ಲ, ಕೊನೆಗೆ ಮಂಕರಿ ಇಳಿಸುತ್ತಿದ್ದದ್ದು ಸೆಲ್ವಿಯ ಬಾಗಿಲಲ್ಲಿ, ಉಕ್ಕಾರು ಅಕ್ಕಾ, ಅಂತ ಕೂರಿಸಿ ಅವಳು ನೀರು ಕೊಡುತ್ತಿದ್ದಳು, ನೀರಿನ ಜೊತೆಗೆ ಮಿಕ್ಸ್ಚರು. ಮೇಲೆ ತಗಡಿನಿಂದ ತಗಡಿಗೆ, ಈ ಲೈನಿನಿಂದ ಆ ಲೈನಿಗೆ, ಮಧ್ಯೆ ಚರಂಡಿ, ಚರಂಡಿಯ ಮೇಲೆ ಗಾಳಿಯಲ್ಲಿ ಒಂದು ಗಳಿಗೆ ಬೆಕ್ಕು ನಿಂತೇಬಿಟ್ಟಿದೆ ಅನಿಸುತ್ತಿತ್ತು, ಹಿಂದೆ ಬಾಲ, ಬಾಲದ ಬಿಳಿ ತುದಿ, ಆಮೇಲೆ ತಗಡು ದಬ್ ಅನ್ನದ ಹಾಗೆ ಇಳಿಯುತ್ತಿತ್ತು. ದೊರೈ ಅವನ್, ಕಾಲ್ ಪಾರು ಅಕ್ಕಾ, ಆ ಕಾಲು ನೋಡು, ಗಣಿ ದೊರೆಗಳಿಗೂ ಇಂಥ ಕಾಲು ಇರಲಿಲ್ಲ, ಅನ್ನುತ್ತಿದ್ದಳು ಸೆಲ್ವಿ, ದೊರೆಗಳನ್ನು ಅವಳು ಕಂಡವಳಲ್ಲ, ಅವಳ ತಾತ ಕಂಡವನು. ಹೋದ ಮಳೆಗಾಲ ಆ ಮನೆಯ ಗೋಡೆ ಬಿರುಕು ಬಿಟ್ಟಿತು, ಸೆಲ್ವಿ ರಾಬರ್ಟ್‌ಸನ್‌ಪೇಟೆಯಲ್ಲಿ ಮೇಲಂತಸ್ತಿನ ಬಾಡಿಗೆ ಮನೆಗೆ ಹೋದಳು, ಅಲ್ಲಿ ಬೆಕ್ಕು ಕೂಡದು ಅಂದರು, ಅಕ್ಕಾ ನೀನೇ ಇಟ್ಕೊ, ದೊಡ್ಡೋನು, ಮರಿಯಲ್ಲ, ಯಾರೂ ತಗೊಳ್ಳಲ್ಲ, ಬೀದೀಲಿ ಬಿಟ್ಟು ಹೋಗೋಕೆ ಮನ್ಸು ಬರ್ತಿಲ್ಲ, ಅವನಿಗೆ ಕನ್ನಡ ಬರಲ್ಲ, ಇಂಗೆ ವಾಡಾ ಅನ್ನು ಬತ್ತಾನೆ, ಅವನ ಕಾಲು ನೋಡ್ಕೊ, ಕಾಲಿದ್ರೇನೇ ದೊರೈ. ಮರಿಯನ್ನು ಯಾರಾದರೂ ಸಾಕುತ್ತಾರೆ, ಬೆಳೆದು ಮುಗಿದದ್ದನ್ನು ತರುವುದೆಂದರೆ ಸೊಸೆ ತಂದ ಹಾಗೆ, ಅದರ ಗುಣ ಅದು ತಂದಿರುತ್ತದೆ, ನಾವು ಹೊಂದಿಕೊಳ್ಳಬೇಕು. ಇದನ್ನು ಸೊಸೆ ಶ್ಯಾಮಲಳ ಮುಂದೆ ಅಂದಾಗ ಅವಳು, ಅಂಗಾದ್ರೆ ನಂಗೂ ಒಂದ್ ಲೋಟ ಕೆನೆ ಆಲು ಕೊಡತ್ತೆ, ಅಂದಿದ್ದಳು.

ಬೆಕ್ಕಿಗೆ ಹಾಗೆ ಕೊಟ್ಟದ್ದೇ ತಪ್ಪು. ಮನೆಗೆ ಬಂದ ಜೀವ ಮೈತುಂಬಿಕೊಳ್ಳಬೇಕು, ಪಕ್ಕೆಲುಬು ಕಂಡರೆ ಸಾಕಿದವರಿಗೆ ಅವಮಾನ, ಹಾಗೆ ಕಲಿತವಳು ಅವಳು, ಸಂತೆಯಿಂದ ತಂದ ಬಡಕಲು ಕರುವನ್ನು ವರ್ಷ ತುಂಬುವುದರಲ್ಲಿ ಕಣ್ಣು ಕುಕ್ಕುವ ಹಾಗೆ ಮಾಡಿದವಳು, ಬೆಕ್ಕು ಬಂದ ದಿನವೇ ವಯಸ್ಸು ತಿಳಿಯೋಣ ಅಂತ ಹಸುವಿನ ಬಾಯಿ ತೆರೆಯುವ ಹಾಗೆ ಬಾಯಿ ಅಗಲಿಸಿ ಹಲ್ಲು ನೋಡಹೋದಳು, ಹಲ್ಲು ಕಂಡಿತು, ಬೆರಳಲ್ಲೇ ಕಂಡಿತು, ಮಗ ವೆಂಕಿ ಅರಿಶಿನ ಮೆತ್ತುತ್ತ, ಬಾಯಿ ಕೂಡೈತಾ ಅಮ್ಮೋ, ಅಂತ ಸಂತೆಯಲ್ಲಿ ದನದ ಹಲ್ಲು ನೋಡುವವರ ಹಾಗೆ ಕೇಳಿ ನಕ್ಕ. ಬೆಳಗ್ಗೆ ಸಂಜೆ ಹಾಲು, ಮಧ್ಯಾಹ್ನ ಕೆನೆ, ಹಸು ಈದಾಗ ಗಿಣ್ಣು, ಮುದ್ದೆಗೆ ಬಾಡಿನ ಸಾರು, ಅದೂ ಸಾಲದೆ ಹಸುಗಳಿಗೆ ಹಿಂಡಿಯ ಜೊತೆ ಹಾಕುವ ಡೈರಿ ಪೌಡರನ್ನು ಒಂದು ಚಿಟಿಕೆ, ಮೂಳೆಗೆ ಒಳ್ಳೇದು ಅಂತ, ಇದನ್ನು ಕೇಳಿ ಡಾಕ್ಟ್ರಮ್ಮ ಹಣೆ ಹಿಡಿದುಕೊಂಡಳು, ಅಜ್ಜಿ, ಇವನೇನು ಕರೆಯೋ ಹಸುನಾ. ಅಲ್ಲ, ಆದರೆ ಕರೆಯುವ ಹೊತ್ತಿಗೆ ಅವನು ಇರಬೇಕಿತ್ತು. ಅಡಿಗೆಮನೆಗೂ ಕೊಟ್ಟಿಗೆಗೂ ನಡುವಿನ ಗೋಡೆಯಲ್ಲಿ ಎತ್ತರಕ್ಕೆ ಒಂದು ಕಿಟಕಿ, ಬಾಗಿಲಿಲ್ಲದ ಕಿಟಕಿ, ಹೊಗೆ ಹೋಗಲಿ ಅಂತ ಬಿಟ್ಟದ್ದು, ಬಂದ ಮಾರನೆಯ ದಿನವೇ ದೊರೆ ನೆಲದಿಂದ ಒಂದೇ ಹಾರಿಗೆ ಅಲ್ಲಿ ಕೂತ, ಮುಖ ಅಡಿಗೆಮನೆಗೆ, ಬಾಲ ಕೊಟ್ಟಿಗೆಗೆ ಇಳಿಬಿಟ್ಟು, ಬಕೆಟ್ಟಿಗೆ ಹಾಲು ಸರ್ ಸರ್ ಬೀಳುವಾಗ ಆ ಬಿಳಿ ತುದಿ ಅತ್ತ ಇತ್ತ, ಹಾಲಿನ ಸದ್ದಿಗೆ ತಾಳ ಹಾಕಿದ ಹಾಗೆ, ಹಸುವೂ ಅದಕ್ಕೆ ಒಗ್ಗಿಹೋಯಿತು, ಬಾಲ ಕಾಣದಿದ್ದರೆ ಸೊರ ಬಿಡದು, ಹಾಲು ಇಳಿಸದು ಅಂತ ಅವಳು ಡೈರಿಯಲ್ಲಿ ಎಲ್ಲರಿಗೂ ಹೇಳಿದಳು, ಯಾರೂ ನಂಬಲಿಲ್ಲ. ಆಮೇಲೆ ಒಂದು ಸಂಜೆ ಬಾಲ ಕಾಣಲಿಲ್ಲ. ಅಡಿಗೆಮನೆಗೆ ಬಂದು ನೋಡಿದರೆ ದೊರೆ ಗೋಡೆಯ ಬುಡದಲ್ಲಿ ನಿಂತಿದ್ದಾನೆ, ಮೇಲೆ ನೋಡಿದ, ಹಿಂಗಾಲು ಕುಗ್ಗಿಸಿದ, ಮುಂಗಾಲು ಒಂದನ್ನು ಗೋಡೆಗಿಟ್ಟ, ಇಟ್ಟವನು ತೆಗೆದ, ಏನೂ ಆಗಿಲ್ಲದವನ ಹಾಗೆ ಕೂತು ಆ ಕಾಲನ್ನೇ ನೆಕ್ಕತೊಡಗಿದ. ಅವಳು ಮಾಡುವುದೂ ಅದನ್ನೇ, ಕುಕ್ಕುರುಗಾಲಲ್ಲಿ ಹಾಲು ಕರೆದು ಏಳಲಾರದೆ ಹೋದಾಗ ಯಾರಾದರೂ ನೋಡುತ್ತಿದ್ದರೆ ನೆಲದಲ್ಲಿ ಏನೋ ಬಿದ್ದುಹೋಯಿತೆಂಬ ಹಾಗೆ ಹುಲ್ಲಿನಲ್ಲಿ ಕೈಯಾಡಿಸುತ್ತಾಳೆ, ಎಷ್ಟು ಸಲ ಕೈಯಾಡಿಸಿದ್ದಾಳೋ, ಏನೂ ಬಿದ್ದಿರುವುದಿಲ್ಲ.

ಬಸ್ಸು ರೈಲ್ವೆ ಗೇಟಿನ ಹತ್ತಿರ ನಿಂತಿತು, ಮಾರಿಕುಪ್ಪಂ ಗಾಡಿ ಹೋಗಬೇಕೇನೋ, ಹೋಗಲಿ, ಆದರೆ ಬೇಗ ಹೋಗಲಿ, ಮುನಿಸ್ವಾಮಪ್ಪ ಸಂಜೆಗೆ ಬರುತ್ತಾನೆ. ಮುನಿಸ್ವಾಮಪ್ಪ ನೆರೆಯವನು, ದೂರದ ನೆಂಟ, ಅಕ್ಕಯ್ಯ ಅನ್ನುತ್ತಾನೆ, ಕುಂಟುವ ದನಕ್ಕೆ ಬರೆ ಹಾಕುವುದರಲ್ಲಿ ಬೂದಿಕೋಟೆ ಸುತ್ತ ಅವನ ಕೈಗೆ ಹೆಸರಿದೆ, ಕುಡುಗೋಲಿನ ತುದಿಯನ್ನು ಬೆರಣಿ ಬೆಂಕಿಯಲ್ಲಿಟ್ಟು ಕೆಂಪಗಾದ ಮೇಲೆ ಕೀಲಿನ ಮೇಲೆ ಚುಕ್ಕೆ, ಚುರ್ರ್ ಅನ್ನುವ ಸದ್ದು, ಸುಟ್ಟ ಕೂದಲಿನ ವಾಸನೆ, ಒಬ್ಬರಿಂದಲೂ ಏನೂ ತೆಗೆದುಕೊಳ್ಳುವುದಿಲ್ಲ, ಅದಕ್ಕೇ ಬೇಡ ಅನ್ನುವುದು ಕಷ್ಟ. ವೆಂಕಿಯೇ ಕರೆದದ್ದು, ಅಮ್ಮ ಬೆಕ್ಕಿನ ಮುಂದೆ ಸಪ್ಪೆ ಮೋರೆ ಹಾಕಿ ಕೂತದ್ದು ನೋಡಲಾಗದೆ, ಮುನಿಸ್ವಾಮಪ್ಪ ದೊರೆಯ ಸೊಂಟ ಒತ್ತಿ ನೋಡಿ, ವಾಯು ಹಿಡ್ದೈತೆ ಅಕ್ಕಯ್ಯ, ಮಂಗಳವಾರ ಸಂಜೆ ಬತ್ತೀನಿ, ಎರಡು ಚುಕ್ಕೆ ಇಕ್ಕಿದ್ರೆ ಸರಿಯೋಯ್ತದೆ, ಅಂದ, ಅಂದಮೇಲೆ ಎಲ್ಲರೂ ತಲೆ ಆಡಿಸಿದರು, ಅವಳೂ ಆಡಿಸಿದಳೇನೋ, ಆದರೆ ಸೀರೆಯ ಮೇಲಿಂದ ತನ್ನ ಎಡ ಮೊಣಕಾಲನ್ನು ಅಂಗೈಯಿಂದ ಮುಚ್ಚಿಕೊಂಡಳು. ಅಲ್ಲಿ ಒಂದು ಕಾಸಗಲದ ನುಣುಪು ಇದೆ, ಕೂದಲೂ ಬೆಳೆಯದ, ಬೆವರೂ ಬರದ ಜಾಗ, ಹುಣಸೆಮರದಿಂದ ಬಿದ್ದು ಕಾಲು ಊದಿಕೊಂಡಾಗ ಅವಳ ತಾತ ಅರಿಶಿನದ ಕೊಂಬನ್ನು ಕೆಂಡದಲ್ಲಿ ಕಾಯಿಸಿ ಇಟ್ಟದ್ದು, ಆಗ ಅವಳಿಗೆ ಲಂಗ ದಾವಣಿಯೂ ಬಂದಿರಲಿಲ್ಲ, ಅಮ್ಮ ಕಾಲು ಹಿಡಿದುಕೊಂಡಿದ್ದಳು, ತಾತ ಕಣ್ಣಲ್ಲಿ ನೀರು ಹಾಕಿಕೊಂಡೇ ಇಟ್ಟ, ಊತ ಇಳಿಯಿತು ಅಂದರು, ಇಳಿದಿರಬಹುದು, ನೋವು ಇಳಿಯಲಿಲ್ಲ, ಅದು ಸೊಪ್ಪಿನ ಮಂಕರಿಯ ಜೊತೆ ಕೆಜಿಎಫ್ ಎಲ್ಲ ಸುತ್ತಿತು, ಈಗಲೂ ಬಸ್ಸಿನಲ್ಲಿ ಜೊತೆಗೇ ಕೂತಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತ ಗಾದೆ ಹೇಳಿ ನಗುತ್ತೇವೆ, ಬರೆ ತಿಂದ ಎಮ್ಮೆ ನಗುವುದಿಲ್ಲ. ಆದರೆ ಇದನ್ನೆಲ್ಲ ಯಾರಿಗೆ ಹೇಳುವುದು, ಬೆಳಗ್ಗೆ ಎದ್ದು, ನನ್ ಮಂಡಿ ತೋರಿಸ್ಕಂಡು ಬತ್ತೀನಿ, ಬಂಗಾರಪೇಟೆಗೆ ಓಯ್ತೀನಿ, ಅಂದಳು. ಬೆಕ್ಕಿರುವ ಬುಟ್ಟಿಯನ್ನು ಸೀರೆ ತುಂಡಲ್ಲಿ ಸುತ್ತುವಾಗ ಶ್ಯಾಮಲ ನೋಡಿಬಿಟ್ಟಳು, ಬುಟ್ಟಿಯ ಬಾಯಿಗೆ ಇನ್ನೊಂದು ಸುತ್ತು ಹಗ್ಗ ಬಿಗಿದು, ಮಂಡಿ ಉಸಾರು ಅತ್ತೆ, ಅಂದಳು, ಅಷ್ಟೇ. ಆ ಹುಡುಗಿಗೆ ನಾಳೆಯಿಂದ ಕೆನೆ ಹಾಲು, ಬೆಕ್ಕಿಗೆ ಹೇಗೂ ಇಲ್ಲವಲ್ಲ.

ಗಾಡಿ ಹೋಯಿತು, ಗೇಟು ತೆರೆಯಿತು, ಗಾಳಿ ಬಂತು. ಡಾಕ್ಟ್ರಮ್ಮ ಹೇಳಿದ್ದನ್ನು ಒಂದೊಂದೇ ನೆನೆದಳು, ಹಾಲಿಲ್ಲ, ಕೆನೆಯಿಲ್ಲ, ಬಟ್ಟಲು ತುಂಬಿಸಿ ಇಡುವುದಿಲ್ಲ, ಹೊತ್ತು ಹೊತ್ತಿಗೆ ಇಷ್ಟೇ ಅಂತ ಅಳತೆಗೆ, ಉಪ್ಪು ಖಾರ ಇಲ್ಲದೆ ಬೇಯಿಸಿದ ಕೋಳಿ, ಮೀನು, ದಿಢೀರಂತ ಉಪವಾಸ ಕೆಡವಬೇಡಿ ಅಜ್ಜಿ, ಬೆಕ್ಕುಗಳಿಗೆ ಉಪವಾಸ ಆಗಿಬರಲ್ಲ, ಮೆಲ್ಲಮೆಲ್ಲಗೆ ಇಳಿಸಿ, ಕೂತಲ್ಲೇ ಕೂರೋಕೆ ಬಿಡಬೇಡಿ, ದಾರ ಎಳೆದು ಆಟ ಆಡಿಸಿ, ಕಾಲಿನ ಮಾಂಸ ಗಟ್ಟಿ ಇದ್ರೆ ಕೀಲಿಗೆ ಭಾರ ಬೀಳಲ್ಲ. ಈ ವಯಸ್ಸಲ್ಲಿ ಬೆಕ್ಕಿನ ಮುಂದೆ ದಾರ ಎಳೆಯುತ್ತ ಓಡಾಡಬೇಕಂತೆ, ಓಡಾಡಿದರೆ ನಿಮ್ ಮಂಡಿಗೂ ಒಳ್ಳೇದು ಅಂತ ಬೇರೆ ಅಂದಳು, ಹೇಳದೇ ಮಂಡಿ ಕಂಡುಬಿಟ್ಟಳಲ್ಲ, ಬಾಗಿಲ ಮೆಟ್ಟಿಲು ಹತ್ತುವಾಗ ಕೈ ಊರಿದ್ದು ನೋಡಿರಬೇಕು. ತಣ್ಣನೆ ಕಡಪ ಕಲ್ಲಿನ ಮೇಲೆ ಮಲಗಿಸಬೇಡಿ, ಗೋಣಿಚೀಲ ಹಾಸಿ, ಎತ್ತರಕ್ಕೆ ಒಂದೇ ಏಟಿಗೆ ಹತ್ತಿ ಇಳಿಯೋ ಬದಲು ನಡುವೆ ಮೆಟ್ಟಿಲ ಹಾಗೆ ಏನಾದ್ರೂ ಇಡಿ, ಹತ್ತೋದಕ್ಕಿಂತ ಧೊಪ್ಪಂತ ಇಳಿಯೋದೇ ಕೀಲಿಗೆ ಏಟು, ಉಗುರು ನೋಡ್ತಾ ಇರಿ, ಕುಂಟಿದ್ರೆ, ಮೈ ನೆಕ್ಕಿಕೊಳ್ಳೋದು ಬಿಟ್ರೆ, ಮುಟ್ಟಿದ್ರೆ ಕಚ್ಚೋಕೆ ಬಂದ್ರೆ ಕಾಯಬೇಡಿ, ಕರ್ಕೊಂಡು ಬನ್ನಿ. ಬರೆ ಹಾಕಿಸಬಹುದಾ ಅಂತ ಕೇಳುವ ಧೈರ್ಯ ಬಂದದ್ದು ಬಾಗಿಲ ಹತ್ತಿರ, ಹುಡುಗಿ ಕೈ ಒರೆಸಿಕೊಳ್ಳುತ್ತಿದ್ದವಳು ನಿಂತಳು, ಯಾರು ಹಾಕ್ತಾರೆ, ಅಂದಳು, ಯಾರೂ ಇಲ್ಲ ತಾಯಿ, ಸುಮ್ಕೆ ಕೇಳ್ದೆ. ಸುಟ್ಟರೆ ಹುಣ್ಣಾಗುತ್ತೆ ಅಜ್ಜಿ, ಕೀಲು ಸರಿಯಾಗಲ್ಲ, ಇವನಿಗೆ ರಿಪೇರಿ ಮಾಡೋ ಅಂಥದ್ದೇ ಏನೂ ಇಲ್ಲ. ಮತ್ತೆ ಇನ್ನೊಂದು ಮಾತು, ಮನುಷ್ಯರ ನೋವಿನ ಮಾತ್ರೆ ಮಾತ್ರ ಕೊಡಲೇಬೇಡಿ, ಅರ್ಧ ಮಾತ್ರೆಗೂ ಪ್ರಾಣ ಹೋಗುತ್ತೆ. ಅಯ್ಯೋ ಶಿವನೇ, ಹೋದ ವಾರ ತನ್ನ ಮಂಡಿ ಮಾತ್ರೆಯನ್ನೇ ಮುರಿದು ಮೀನಿನ ತುಂಡಿನೊಳಗೆ ಇಟ್ಟಿದ್ದಳು, ನನಗೆ ಆಗಿಬಂದದ್ದು ಅವನಿಗೂ ಆಗಲಿ ಅಂತ, ದೊರೆ ಮೀನು ತಿಂದು ಮಾತ್ರೆಯನ್ನು ಹಾಗೇ ನೆಲಕ್ಕೆ ಉಗುಳಿ ಅವಳ ಮುಖ ನೋಡಿದ್ದ, ಎಂಥ ಕೊಬ್ಬು ನಿಂಗೆ, ಅಂತ ಬೈದಿದ್ದಳು, ಈಗ ನೋಡಿದರೆ ಆ ಕೊಬ್ಬೇ ಅವನನ್ನು ಉಳಿಸಿತು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸಂತೆ, ಇವನಿಗೆ ಎಷ್ಟು ದೊಣ್ಣೆ ತಪ್ಪಿತು. ಬುಟ್ಟಿಯ ಸಂದಿಯಲ್ಲಿ ಬೆರಳು ತೂರಿಸಿದಳು, ಒದ್ದೆ ಮೂಗು ತಾಗಿತು.

ಊರ ಗೇಟಿನಲ್ಲಿ ಇಳಿದಳು, ಇಳಿಯುವಾಗ ಒಳ್ಳೆ ಕೆಲಸಕ್ಕೆ ಹೊರಟಿದ್ದ ಆ ಹೆಂಗಸೇ ಬುಟ್ಟಿ ಹಿಡಿದು ಕೆಳಗೆ ಕೊಟ್ಟಳು, ಏನಂತೆ ಡಾಕ್ಟ್ರು, ಅಂತ ಕೇಳಿಯೂ ಕೇಳಿದಳು, ಏನೂ ಇಲ್ವಂತೆ ಕಣಮ್ಮ, ಅಂದಳು, ಏನೂ ಇಲ್ಲ ಅನ್ನುವ ಮಾತು ಇಷ್ಟು ಸಿಹಿ ಅಂತ ಗೊತ್ತಿರಲಿಲ್ಲ. ಹೊಂಗೆ ಮರದ ಕೆಳಗೆ ಬುಟ್ಟಿ ಇಳಿಸಿ ಫೋನು ತೆಗೆದಳು, ಸೆಲ್ವಿ ಎತ್ತಿದವಳೇ, ಅಕ್ಕಾ ದೊರೈ ಎಪ್ಪಡಿ, ಅಂದಳು, ಇಷ್ಟು ದಿನ ಆ ಮಾತಿಗೆ ಚೆನ್ನಾಗವ್ನೆ ಅಂತ ಸುಳ್ಳು ಹೇಳಿ ಫೋನನ್ನು ಬೆಕ್ಕಿನ ಕಿವಿಗಿಟ್ಟುಬಿಡುತ್ತಿದ್ದಳು, ಇವತ್ತು ತಾನೇ ಹೇಳಿದಳು, ಎಗರದೆ ಹೋದದ್ದು, ಉಗುರು, ಆಸ್ಪತ್ರೆ, ಎಲ್ಲ, ಅತ್ತ ಕಡೆಯಿಂದ ಸೆಲ್ವಿ, ನೀ ಅವನಿಗಾಗಿ ಬಂಗಾರಪೇಟೆಗೆ ಹೋದಿಯಾ ಅಕ್ಕಾ, ನಿನ್ ಕಾಲಲ್ಲಿ, ಅಂದಳು. ಕಾಲು ನೋಡ್ಕೊ ಅಂದಿದ್ಯಲ್ಲ ನೀನು, ಅಂತ ಮಾತ್ರ ಹೇಳಿ ಇಟ್ಟಳು. ರಾಗಿ ಹೊಲದ ಬದುವಿನ ಮೇಲೆ ಬಿಸಿಲು ಇಳಿಯುತ್ತಿದೆ, ಎರಡು ಕಡೆ ನಿಂತು ಉಸಿರು ತೆಗೆದುಕೊಂಡಳು, ಮೂರನೆಯ ಕಡೆ ನಿಲ್ಲಬೇಕೆನ್ನುವಾಗ ಹೊಗೆಯ ವಾಸನೆ, ಬೆರಣಿ ಹೊಗೆ, ಮನೆಯ ಕಡೆಯಿಂದ, ಬಂದುಬಿಟ್ಟಿದ್ದಾನೆ, ಬೆಂಕಿ ಹಾಕಿಬಿಟ್ಟಿದ್ದಾನೆ, ಮೊಣಕಾಲಿನ ನುಣುಪು ಸುಟ್ಟ ಹಾಗಾಯಿತು, ನಿಲ್ಲಲಿಲ್ಲ, ಈ ಕಾಲಿಗೆ ಇಷ್ಟು ಬೇಗ ನಡೆಯಲು ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ.

ಹೊಗೆ ಸೊಳ್ಳೆಗೆ ಕೊಟ್ಟಿಗೆಯಲ್ಲಿ ಶ್ಯಾಮಲ ಹಾಕಿದ್ದು. ಮುನಿಸ್ವಾಮಪ್ಪ ಬಂದು ಜಗಲಿಯ ಮೇಲೆ ಕೂತಿದ್ದ, ಕುಡುಗೋಲು ಪಕ್ಕದಲ್ಲಿ ತಣ್ಣಗೆ ಬಿದ್ದಿತ್ತು, ಬುಟ್ಟಿ ನೋಡಿದ, ಅವಳ ಮುಖ ನೋಡಿದ, ಮಂಡಿ ತೋರಿಸ್ಕಂಡು ಬಂದ್ಯಾ ಅಕ್ಕಯ್ಯ, ಅಂದ, ಅವಳು ನಿಂತಲ್ಲೇ ಎಲ್ಲ ಹೇಳಿದಳು, ಬೆದರಿದ ದನಿಯಲ್ಲಿ, ಇವನ ಮನಸ್ಸಿಗೆ ನೋವಾದೀತೆಂದು ಬಿಡಿಬಿಡಿಯಾಗಿ, ಬರೆ ಬೇಡ ಕಣಪ್ಪಾ, ಅಂತ ಕೊನೆಗೆ. ಅವನು ಕುಡುಗೋಲಿನ ಹಿಡಿಯನ್ನು ಉಜ್ಜಿದ. ನಂಗೂ ಮನ್ಸಿರ್ಲಿಲ್ಲ ಅಕ್ಕಯ್ಯ, ರಾತ್ರಿಯೆಲ್ಲಾ ನಿದ್ದೆ ಇಲ್ಲ, ದನ ಆದ್ರೆ ತಡಕಂತದೆ, ಬೆಕ್ಕಿಗೆ ಎಚ್ಚುಕಮ್ಮಿ ಆದ್ರೆ ಚಿನ್ನದ್ ಬೆಕ್ಕು ಮಾಡ್ಸಿ ಕಾಶಿಗೆ ಓಗ್ಬೇಕಂತೆ, ಎಲ್ಲಿಂದ ತರ್ಲಿ, ಗಣಿ ಬೇರೆ ಮುಚ್ಚವ್ರೆ. ವೆಂಕಿ ನಕ್ಕ, ಶ್ಯಾಮಲ ನಕ್ಕಳು, ಚಿಕ್ಕವೆಂಕಟಮ್ಮ ಜಗಲಿಯ ಕಂಬ ಹಿಡಿದುಕೊಂಡು ಕೂತುಬಿಟ್ಟಳು, ನಗುವೋ ಅಳುವೋ ಒಂದು ಬಂತು, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮುನಿಸ್ವಾಮಪ್ಪ ಎದ್ದ, ಯಾವ್ದು ಅಕ್ಕಯ್ಯ ಆ ಕಿಟಕಿ, ಅಂತ ಕೇಳಿ ಒಳಗೆ ಹೋದ, ಹಿಂಡಿಯ ಖಾಲಿ ಚೀಲವನ್ನು ಅದೇ ಕುಡುಗೋಲಿನಿಂದ ಸೀಳಿದ, ಹಳೆ ಹಾಲಿನ ಕ್ಯಾನನ್ನು ಗೋಡೆಗೆ ಒತ್ತಿ ಅಲ್ಲಾಡದ ಹಾಗೆ ಕಲ್ಲು ಕೊಟ್ಟು ನಿಲ್ಲಿಸಿದ, ಅದಕ್ಕಿಂತ ಎತ್ತರಕ್ಕೆ ಸೌದೆ ಪೆಟ್ಟಿಗೆ, ಎರಡರ ಮೇಲೂ ಚೀಲ ಹಾಸಿ ಕಟ್ಟಿದ, ಜಾರಬಾರ್ದಲ್ಲ, ಅಂತ ಅಂಗೈಯಿಂದ ಒತ್ತಿ ನೋಡಿದ, ಕೆಂಪಗಾಗಬೇಕಿದ್ದ ಕುಡುಗೋಲಿನ ತುದಿಯಲ್ಲಿ ಈಗ ಗೋಣಿಯ ಎರಡು ನಾರು.

ಕರೆಯುವ ಹೊತ್ತು. ಇವತ್ತು ಕುಕ್ಕುರುಗಾಲಲ್ಲಿ ಕೂರಲಿಲ್ಲ, ಶ್ಯಾಮಲ ಒಂದು ಮಣೆ ತಂದಿಟ್ಟಳು, ಎತ್ತರದ ಮಣೆ, ಬೆಕ್ಕಿಗೊಂದು ಮೆಟ್ಟಿಲು, ನಿಂಗೊಂದ್ ಮಣೆ, ಅಂದಳು, ಚಿಕ್ಕವೆಂಕಟಮ್ಮ ಕೂತಳು, ಮೊಣಕಾಲು ಮಾತಾಡಲಿಲ್ಲ, ಕೆಚ್ಚಲಿಗೆ ನೀರು ಎರಚಿ ಒರೆಸಿದಳು, ಹಸು ಬೆಚ್ಚಗೆ ಉಸಿರು ಬಿಟ್ಟಿತು, ಬುಟ್ಟಿ ಬಿಚ್ಚಿ ಆಗಲೇ ಅರ್ಧ ಗಂಟೆ, ದೊರೆ ಒಲೆಯ ಹಿಂದೆ ಮುನಿಸಿಕೊಂಡು ಕೂತಿದ್ದಾನೆ, ಬರದಿದ್ದರೆ ಬೇಡ, ಇವತ್ತೇ ಬರಬೇಕೆಂದೇನು, ನಾಳೆ ಬರಲಿ, ಕಾಲು ಇದೆಯಲ್ಲ, ಕಾಲು ಚೆನ್ನಾಗಿದೆಯಲ್ಲ, ಇನ್ನೂ ಎಷ್ಟೋ ನಾಳೆಗಳಿವೆ — ಬಕೆಟ್ಟಿಗೆ ಮೊದಲ ಧಾರೆ, ಸರ್, ಎರಡನೆಯದು, ಸರ್ — ಗೋಡೆಯ ಆಚೆ ಕ್ಯಾನಿನ ಮೇಲೆ ಮೆತ್ತಗೆ ಒಂದು ಸದ್ದು, ಚೀಲಕ್ಕೆ ಉಗುರು ತಾಗುವ ಸದ್ದೂ ಇಲ್ಲ, ಉಗುರು ಕತ್ತರಿಸಿದೆಯಲ್ಲ, ಆಮೇಲೆ ಸೌದೆ ಪೆಟ್ಟಿಗೆ ಕಿರ್ ಅಂತು, ಆಮೇಲೆ ಏನೂ ಇಲ್ಲ, ಅವಳು ಕರೆಯುವುದನ್ನು ನಿಲ್ಲಿಸಲಿಲ್ಲ, ತಲೆ ಎತ್ತಲಿಲ್ಲ, ಎತ್ತಿದರೆ ಎಲ್ಲಿ, ಬೇಡ, ನೋಡುವುದು ಬೇಡ, ಹಸು ಸೊರ ಬಿಟ್ಟಿತು, ಹಾಲು ತಾನಾಗಿ ಇಳಿಯತೊಡಗಿತು, ನೊರೆ ಏರಿತು, ಆಗ ತಲೆ ಎತ್ತಿದಳು — ಕೊಟ್ಟಿಗೆ ಕಿಟಕಿ, ಕಿಟಕಿಯಿಂದ ಇಳಿಬಿದ್ದ ಬಾಲ, ಬಾಲದ ಬಿಳಿ ತುದಿ, ಅತ್ತ, ಇತ್ತ